ಸೆರಗುಹಗ್ಗದ ಖಲಾಸಿ

“ಗುರುಗಳೇ, ಬಿಡು ಎಂದು ನೀವು ಹೇಳಿದಿರಿ. ನಾನು ಬಿಟ್ಟೆ. ಆದರೆ ಬಿಡಬೇಕಾಗಿದ್ದು ಯಾವುದನ್ನು?”

ಸಾತಯ್ಯ ಈ ಪ್ರಶ್ನೆ ಕೇಳಿದ್ದು ಮಠಕ್ಕೆ ಬಂದು ಕೆಲವು ಮಳೆಗಾಲ ಕಳೆದ ಮೇಲೆ. ಅಷ್ಟು ದಿನ ಅವನಿಗೆ ಹೀಗೊಂದು ಪ್ರಶ್ನೆ ಇದೆಯೆಂದೇ ತೋಚಿರಲಿಲ್ಲ.

ಅವನನ್ನು ಸಾಕಿದವಳು ಒಡಹುಟ್ಟಿದ ಅಕ್ಕ, ಮಾದೇವಿ. ತಾಯಿ ತೀರಿಕೊಂಡಾಗ ಅವನಿನ್ನೂ ಚಿಕ್ಕವನು. ಅಕ್ಕ ಅವನನ್ನು ಗಂಡನ ಮನೆಗೇ ಕರೆದುಕೊಂಡು ಹೋದಳು. ಅಲ್ಲಿಯೇ ಉಂಡ, ಅಲ್ಲಿಯೇ ದುಡಿದ, ಅಲ್ಲಿಯೇ ಗಂಡಸಾದ. ಒಂದು ದಿನ ಭಾವ ನೆಂಟರೆದುರು ಅವನನ್ನು ಕೂಳಿಗೆ ಬಿದ್ದವನು ಎಂದುಬಿಟ್ಟ. ಸಾತಯ್ಯ ಉಟ್ಟ ಬಟ್ಟೆಯಲ್ಲಿ ಹೊರಟು ಹೊಳೆ ದಾಟಿ ಮಠಕ್ಕೆ ಬಂದ. ಗುರುಗಳ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತ. ಗುರುಗಳು ಪೂರ್ತಿ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದರು. ಬಿಡು, ಎಂದರು.

ಅವನು ಅದನ್ನೇ ಉಪದೇಶವೆಂದು ತಲೆಯ ಮೇಲೆ ಹೊತ್ತುಕೊಂಡ. ಮೊದಲು ಭಾವನ ಮೇಲಿನ ಸಿಟ್ಟು ಬಿಟ್ಟ. ಆಮೇಲೆ ಆ ಮನೆಯ ನೆನಪು ಬಿಟ್ಟ. ಅಕ್ಕ ಹಬ್ಬಕ್ಕೆ ಹೇಳಿಕಳಿಸಿದರೆ ಹೋಗುವುದನ್ನು ಬಿಟ್ಟ. ಉಪ್ಪು ಹುಳಿ ಬಿಟ್ಟ. ಜೊತೆಯವರೊಡನೆ ನಗುವುದನ್ನೂ ಬಿಟ್ಟ. ಬಿಡುವುದೇ ಅವನಿಗೊಂದು ಕಸುಬಾಯಿತು. ಹೊಸದಾಗಿ ಬಂದ ಶಿಷ್ಯರಿಗೆ ಇತರರು ಅವನನ್ನು ತೋರಿಸುತ್ತಿದ್ದರು.

ಪ್ರಶ್ನೆ ಎದ್ದ ಆ ದಿನ ಬೆಳಿಗ್ಗೆ ಮಾದೇವಿಯೇ ಮಠಕ್ಕೆ ಬಂದಳು. ಅವಳ ಗಂಡನಿಗೆ ಲಕ್ವ ಹೊಡೆದು ಬಲಮಗ್ಗುಲು ಬಿದ್ದುಹೋಗಿತ್ತು. ತೊದಲುವ ಬಾಯಲ್ಲಿ ಅವನು ಸಾತಯ್ಯನ ಹೆಸರು ಹೇಳುತ್ತಿದ್ದ. ಗಂಡನನ್ನು ಎತ್ತಿ ಕೂರಿಸಲು ಅವಳೊಬ್ಬಳ ಕೈಲಿ ಆಗುತ್ತಿರಲಿಲ್ಲ. ಅವಳು ತಮ್ಮನನ್ನು ಬೈಯಲಿಲ್ಲ, ಅಳಲೂ ಇಲ್ಲ. ಅವರು ಎದ್ದು ಕೂರುವ ತನಕ ಬಂದಿರು ತಮ್ಮಾ, ಎಂದಳು. ಸಾತಯ್ಯನಿಗೆ ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ. ಅವಳು ದೋಣಿ ಹೊರಡುವ ತನಕ ದಂಡೆಯಲ್ಲಿರುತ್ತೇನೆ ಎಂದು ಹೇಳಿ ಇಳಿದು ಹೋದಳು.

ಅವನು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ. ಹೋದರೆ ಗುರುವಿನ ಮಾತು ಮೀರಿದಂತೆ. ಹೋಗದಿದ್ದರೆ ಏನಾದಂತೆ ಎನ್ನುವುದಕ್ಕೆ ಅವನ ಬಳಿ ಮಾತಿರಲಿಲ್ಲ. ಇಷ್ಟು ದಿನ ನೆಟ್ಟಗೆ ಕಂಡ ದಾರಿ ಕಲಸಿಹೋಯಿತು. ಕಡೆಗೆ ಗುರುಗಳ ಬಳಿ ಬಂದು ಕೂತು ಕೇಳಿದ.

ಗುರುಗಳು ಅವನಿಗೆ ಕೂತಿರಲು ಹೇಳಿ ಕತೆ ತೆಗೆದರು.

ಒಬ್ಬ ರೈತನಿದ್ದ. ಒಂದು ವರ್ಷ ಹೊಳೆ ಉಕ್ಕಿ ಅವನ ಗದ್ದೆಯ ಮೇಲೆ ಆಳೆತ್ತರ ಮರಳು ಹಾಸಿ ಹೋಯಿತು. ಮರಳಿನಲ್ಲಿ ಉಳುವುದು ಹೇಗೆ? ಅವನು ಕಡಲಿಗೆ ನಡೆದು ಒಂದು ಹಾಯಿಹಡಗಿನಲ್ಲಿ ಖಲಾಸಿಯಾಗಿ ಸೇರಿದ. ಹಡಗಿಗೆ ಒಬ್ಬ ತಂಡೇಲನಿದ್ದ. ಹಡಗಿನ ಒಡೆಯ ಯಾವ ವರ್ತಕನೇ ಇರಲಿ, ನೀರಿನ ಮೇಲೆ ತಂಡೇಲ ಹೇಳಿದ್ದೇ ಮಾತು.

ಹಡಗು ಹತ್ತಿದವನಿಗೆ ಮೊದಲು ಕಂಡದ್ದು ಹಗ್ಗ. ಎಲ್ಲಿ ನೋಡಿದರೂ ಹಗ್ಗ. ನೆಲದ ಮೇಲೆ ಹಗ್ಗವೆಂದರೆ ಹಗ್ಗವೇ. ಅದರಲ್ಲಿ ದನ ಕಟ್ಟಲಿ, ನೀರು ಸೇದಲಿ, ಹೆಸರು ಬದಲಾಗುವುದಿಲ್ಲ. ಇಲ್ಲಿ ಬರಿಯ ಹಗ್ಗ ಎನ್ನುವವರು ಒಬ್ಬರೂ ಇರಲಿಲ್ಲ. ಹಾಯಿಯನ್ನು ಹೊತ್ತ ಅಡ್ಡಮರವನ್ನು ಕಂಬದ ತುದಿಗೆ ಏರಿಸುವುದು ಏರುಹಗ್ಗ. ಹಾಯಿಯ ಮುಂದಿನ ಮೂಲೆಯನ್ನು ಹಡಗಿನ ಮೂತಿಗೆ ಬಿಗಿಯುವುದು ಮೂತಿಹಗ್ಗ. ಹಿಂದಿನ ಮೂಲೆಗೆ ಸೆರಗು ಎನ್ನುತ್ತಿದ್ದರು. ಅದನ್ನು ಹಿಡಿದಿರುವುದು ಸೆರಗುಹಗ್ಗ. ಸೆರಗು ಬಿಗಿದರೆ ಹಾಯಿ ಗಾಳಿ ತುಂಬಿಕೊಳ್ಳುತ್ತದೆ, ಸಡಿಲಿಸಿದರೆ ಗಾಳಿ ಚೆಲ್ಲುತ್ತದೆ. ಕಂಬ ವಾಲದಂತೆ ಎರಡೂ ಮಗ್ಗುಲಿಗೆ ಬಿಗಿದ ಹಗ್ಗಗಳಿಗೆ ಬೇರೆಯೇ ಹೆಸರು.

ಹಾಯಿಗಳೂ ಹಾಗೆಯೇ. ಮುಂಗಂಬದ ದೊಡ್ಡ ಹಾಯಿ ಹಡಗನ್ನು ಎಳೆಯುತ್ತದೆ. ಹಿಂಗಂಬದ ಸಣ್ಣ ಹಾಯಿ ಅದರ ಬೆನ್ನು ನೆಟ್ಟಗಿಡುತ್ತದೆ. ಮೂತಿಯ ಮೂರು ಮೂಲೆಯ ಹಾಯಿ ಅದರ ಮುಖ ತಿರುಗಿಸುತ್ತದೆ. ಬಿರುಗಾಳಿ ಬಂದರೆ ಇವನ್ನೆಲ್ಲ ಇಳಿಸಿ ದಪ್ಪ ಬಟ್ಟೆಯ ಗಿಡ್ಡ ಹಾಯಿ ಒಂದನ್ನೇ ಏರಿಸಬೇಕು.

ಖಲಾಸಿ ಇದನ್ನೆಲ್ಲ ಬಾಯಿಪಾಠ ಮಾಡಿದ. ಮಾಡಿ ಮುಗಿಸುವ ಹೊತ್ತಿಗೆ ಗಾಳಿ ತಿರುಗಿತು. ಗಾಳಿ ಬೀಸುವ ಕಡೆಯದು ಗಾಳಿಮಗ್ಗುಲು, ಆಚೆಯದು ಮರೆಮಗ್ಗುಲು. ಬೆಳಿಗ್ಗೆ ಗಾಳಿಮಗ್ಗುಲಿನ ಹಗ್ಗ ಎಂದು ತೋರಿಸಿಕೊಟ್ಟಿದ್ದನ್ನು ಮಧ್ಯಾಹ್ನ ಮರೆಮಗ್ಗುಲಿನದು ಎಂದರು. ಹಗ್ಗ ಅಲ್ಲಿಯೇ ಇತ್ತು. ಹೆಸರು ಮಾತ್ರ ದಾಟಿಕೊಂಡು ಹೋಗಿತ್ತು. ಅವನು ಕಣ್ಣು ಬಾಯಿ ಬಿಟ್ಟು ನಿಂತ.

ಸಾತಯ್ಯ ಇಲ್ಲಿ ಗುರುಗಳನ್ನು ತಡೆದ. ತನ್ನ ಪ್ರಶ್ನೆ ಅಕ್ಕನದು, ಇಷ್ಟೊಂದು ಹಗ್ಗಗಳ ನಡುವೆ ಅದು ಎಲ್ಲಿದೆ ಎಂದು ತನಗೆ ತಿಳಿಯುತ್ತಿಲ್ಲ ಎಂದ. ಖಲಾಸಿಗೂ ತಿಳಿಯಲಿಲ್ಲ ಎಂದು ಹೇಳಿ ಗುರುಗಳು ಮುಂದುವರಿಸಿದರು.

ಹಡಗು ಹೊರಡುವ ದಿನ ತಂಡೇಲ ಹಾಯಿ ಬಿಡಿ ಎಂದು ಕೂಗಿದ. ಎಲ್ಲರೂ ಹಾಯಿ ಬಿಚ್ಚಿ ಹರಡಿದರು. ಹೊಸ ಖಲಾಸಿ ಮಾತ್ರ ಕೈಯಲ್ಲಿದ್ದ ಹಗ್ಗವನ್ನು ಬಿಟ್ಟ. ಹಾಯಿಯ ಒಂದು ಮೂಲೆ ಹಾರಿಹೋಗಿ ನೀರಿಗೆ ಬಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ದಿಗಿಲಾಯಿತು. ಬಿಡು ಎಂಬ ಒಂದು ಮಾತನ್ನಾದರೂ ತಾನು ಬಲ್ಲೆ ಎಂದು ಅವನು ನಂಬಿದ್ದ.

ಸಂಜೆ ಅವನು ತಂಡೇಲನ ಬಳಿ ಹೋಗಿ ಕೈಮುಗಿದ.

“ತಂಡೇಲರೇ, ಇಷ್ಟೊಂದು ಹೆಸರು ನನ್ನ ತಲೆಗೆ ಹತ್ತುವುದಿಲ್ಲ. ನನಗೆ ಒಂದು ಹಗ್ಗ ಕೊಡಿ. ಹಿಡಿ ಎಂದರೆ ಹಿಡಿಯುತ್ತೇನೆ, ಬಿಡು ಎಂದರೆ ಬಿಡುತ್ತೇನೆ. ಉಳಿದದ್ದು ನಿಮಗೆ ಸೇರಿದ್ದು.”

ತಂಡೇಲನಿಗೆ ಈ ಮಾತು ಹಿಡಿಸಿತು. ಎದುರು ಮಾತಾಡದ ಆಳು ಯಾರಿಗೆ ಬೇಡ? ದೊಡ್ಡ ಹಾಯಿಯ ಸೆರಗುಹಗ್ಗವನ್ನು ಅವನ ಕೈಗೆ ಕೊಟ್ಟ.

ಅಂದಿನಿಂದ ಖಲಾಸಿಯ ಕಣ್ಣು ತಂಡೇಲನ ಬಾಯಿಯ ಮೇಲೆಯೇ ನೆಟ್ಟಿತು. ಹಾಯಿ ಹೇಗೆ ಉಬ್ಬಿತು, ಅಲೆ ಎತ್ತ ಎದ್ದಿತು, ಅವನು ನೋಡಲಿಲ್ಲ. ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅವನ ಕೈ ಅದನ್ನು ಮಾಡಿ ಮುಗಿಸುತ್ತಿತ್ತು. ಒಮ್ಮೆ ಅಡ್ಡಗಾಳಿ ಹೊಡೆದು ಹಡಗು ಮಗುಚುವಂತಾಯಿತು. ತಂಡೇಲ ಬಿಡು ಎಂದ. ಅವನು ಆ ಗಳಿಗೆಯಲ್ಲೇ ಸೆರಗು ಬಿಟ್ಟ. ಗಾಳಿ ಚೆಲ್ಲಿತು, ಹಡಗು ಎದ್ದು ನಿಂತಿತು. ಬಂದರಿನಲ್ಲಿ ತಂಡೇಲ ನಾಲ್ಕು ಜನರೆದುರು ಅವನ ಬೆನ್ನು ತಟ್ಟಿ, ನನ್ನ ನಾಲಗೆಗೆ ಕೈ ಬಂದಿದೆ ಎಂದ. ಖಲಾಸಿ ಆ ಹೊಗಳಿಕೆಯನ್ನು ಮನೆಗೆ ಒಯ್ಯುವ ಗಂಟಿನಂತೆ ಜೋಪಾನ ಮಾಡಿದ.

ಅದೇ ಹಡಗಿನಲ್ಲಿ ಕಂಬ ಹತ್ತುವವನು ಒಬ್ಬನಿದ್ದ. ಮೇಲೆ ಗಂಟು ಸಡಿಲವಾದರೆ ಹತ್ತಿ ಕಟ್ಟುವುದು ಅವನ ಕೆಲಸ. ಅವನೂ ಖಲಾಸಿಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಹಗ್ಗಗಳ ಹೆಸರು ಹೇಳಿಕೊಡುತ್ತೇನೆ ಎಂದು ಕಂಬ ಹತ್ತುವವನು ಬಹಳ ಸಲ ಕರೆದ. ನನಗೇಕೆ, ತಂಡೇಲರಿದ್ದಾರಲ್ಲ, ಎಂದು ಖಲಾಸಿ ನಕ್ಕು ಸುಮ್ಮನಾಗುತ್ತಿದ್ದ.

ಮಳೆಗಾಲ ಹತ್ತಿರವಾಗಿತ್ತು. ಹಡಗು ಅಕ್ಕಿಮೂಟೆ ಹೇರಿಕೊಂಡು ಊರ ಕಡೆ ಮರಳುತ್ತಿತ್ತು. ಹಗಲಲ್ಲೇ ಗಾಳಿ ಎದ್ದಿತು. ಅಡ್ಡಮರಕ್ಕೆ ಹಾಯಿಯನ್ನು ಬಿಗಿದಿದ್ದ ಒಂದು ಗಂಟು ಬಿಚ್ಚಿಕೊಂಡಿತು. ಕಂಬ ಹತ್ತುವವನು ಮೇಲೇರಿ ಅಡ್ಡಮರವನ್ನು ತಬ್ಬಿಕೊಂಡು ಕಟ್ಟತೊಡಗಿದ.

ಸೆರಗುಹಗ್ಗದ ಪಕ್ಕದಲ್ಲೇ ಏರುಹಗ್ಗದ ಗೂಟ. ನೆನೆದ ಏರುಹಗ್ಗ ಗೂಟದ ಮೇಲೆ ಚೂರು ಜಾರಿದ್ದು ಖಲಾಸಿಗೆ ಕಂಡಿತು. ಅಡ್ಡಮರದ ಭಾರವೆಲ್ಲ ಅದರ ಮೇಲೆ. ತನ್ನ ಜೊತೆಗಾರ ಮೇಲಿದ್ದಾನೆ. ಅವನು ತನ್ನ ಹಗ್ಗವನ್ನು ಅದರ ಗೂಟಕ್ಕೆ ಸುತ್ತಿ, ಏರುಹಗ್ಗಕ್ಕೆ ಕೈಹಾಕಿ, ಇನ್ನೂ ಬಿಗಿಯಾಗಿ ಕಟ್ಟೋಣವೆಂದು ಅದರ ಸುತ್ತುಗಳನ್ನು ಬಿಡಿಸಿದ. ಕೊನೆಯ ಸುತ್ತೊಂದು ಉಳಿದಿತ್ತು. ಭಾರವನ್ನು ಎರಡೂ ಕೈಯಲ್ಲಿ ತಡೆದು ನಿಂತಿದ್ದ. ಹಡಗಿಗೆ ಬಂದ ಮೇಲೆ ಯಾರೂ ಹೇಳದೆ ಅವನು ಮಾಡಿದ ಮೊದಲ ಕೆಲಸ ಅದು.

ಚುಕ್ಕಾಣಿಯ ಬಳಿಯಿಂದ ತಂಡೇಲ ಅದನ್ನು ಕಂಡ. ಆ ಹಗ್ಗದ ಗೊಡವೆಗೆ ಹೋಗಬೇಡ, ನಿನ್ನ ಜಾಗಕ್ಕೆ ಬಾ ಎನ್ನುವುದು ಅವನ ಮನಸ್ಸಿನಲ್ಲಿತ್ತು. ಗಾಳಿಯಲ್ಲಿ ಅಷ್ಟೆಲ್ಲ ಹೇಳಲು ಹೊತ್ತಿರಲಿಲ್ಲ.

“ಬಿಡು, ಅದನ್ನು ಬಿಡು.”

ಖಲಾಸಿ ಬಿಟ್ಟ. ಎರಡೂ ಕೈಯನ್ನು ಒಟ್ಟಿಗೇ ಬಿಟ್ಟ.

ಏರುಹಗ್ಗ ಗೂಟದಿಂದ ಕಳಚಿ ಹಾವಿನಂತೆ ಹರಿಯಿತು. ಅಡ್ಡಮರ ಹಾಯಿಯ ಸಮೇತ, ಮನುಷ್ಯನ ಸಮೇತ ಕೆಳಗೆ ಬಂತು. ಅಕ್ಕಿಮೂಟೆಗಳ ಮೇಲೆ ಬಿದ್ದದ್ದರಿಂದ ಅವನ ಜೀವ ಉಳಿಯಿತು. ಸೊಂಟದ ಕೆಳಗೆ ಎಲುಬು ಮುರಿಯಿತು.

ಅಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಹೇಳಿದವನು ನಾನು ಎಂದು ತಂಡೇಲ ಎಲ್ಲರಿಗೂ ಕೇಳುವಂತೆ ಹೇಳಿದ. ಮಾಡಿದವನು ನಾನು ಎಂದು ಖಲಾಸಿಯೂ ಹೇಳಿದ. ಅವನ ತಲೆಯಲ್ಲಿ ಎಲ್ಲವೂ ಅಡಿಮೇಲಾಗಿತ್ತು. ಹೇಳಿದವನ ಮಾತು ಸರಿಯಾಗಿತ್ತು. ಕೇಳಿದವನ ಕಿವಿಯೂ ಸರಿಯಾಗಿತ್ತು. ಕೈ ತಡಮಾಡಲಿಲ್ಲ. ಹೋದ ಸಲ ಇದೇ ಮಾತಿಗೆ ಇದೇ ಕೈ ಇದನ್ನೇ ಮಾಡಿದಾಗ ಹಡಗು ಉಳಿದಿತ್ತು. ಈ ಸಲ ತಪ್ಪಿದ್ದು ಎಲ್ಲಿ? ಹುಡುಕಿ ಹುಡುಕಿ ಅವನು ಸೋತ. ಊಟ ಸೇರಲಿಲ್ಲ.

ಮರದ ಪಟ್ಟಿಗಳನ್ನಿಟ್ಟು ಕಾಲು ಕಟ್ಟಿ ಜೊತೆಗಾರನನ್ನು ಮೂಟೆಗಳ ನಡುವೆ ಮಲಗಿಸಿದ್ದರು. ಖಲಾಸಿ ಗಂಜಿ ತಂದು ಅವನ ಪಕ್ಕ ಕೂತ. ಕ್ಷಮಿಸು ಎನ್ನಲೋ ಬೇಡವೋ ಎಂದೇ ಅವನಿಗೆ ಗೊತ್ತಾಗಲಿಲ್ಲ. ಮಲಗಿದ್ದವನು ಎರಡು ಗುಟುಕು ಕುಡಿದು ಅವನ ಮುಖ ನೋಡಿದ.

“ಬಿಡುವ ಮೊದಲು ನೀನು ಮೇಲೆ ನೋಡಿದೆಯಾ?”

ಜೊತೆಗಾರ ಉಳಿದ ಗಂಜಿ ಕುಡಿದು ಕಣ್ಣು ಮುಚ್ಚಿದ. ಆ ಮಾತನ್ನು ಅವನು ಮತ್ತೊಮ್ಮೆ ಎತ್ತಲಿಲ್ಲ.

ಮರುದಿನ ಖಲಾಸಿ ತಾನಾಗಿಯೇ ಅವನ ಬಳಿ ಹೋಗಿ, ಬೇಡವೆಂದಿದ್ದ ಹೆಸರುಗಳನ್ನು ಕೇಳಿದ. ಮಲಗಿದವನು ಮಲಗಿದ್ದಲ್ಲಿಂದಲೇ ಬೆರಳು ತೋರಿಸಿ ಒಂದೊಂದಾಗಿ ಹೇಳಿಕೊಟ್ಟ. ಅವನು ಬರಿಯ ಹೆಸರು ಹೇಳಲಿಲ್ಲ. ಈ ಹಗ್ಗ ಬಿಟ್ಟರೆ ಏನು ಬೀಳುತ್ತದೆ, ಅದನ್ನು ಹಿಡಿದರೆ ಏನು ನಿಲ್ಲುತ್ತದೆ, ಗಾಳಿ ಆ ಕಡೆಯಿಂದ ಬಂದರೆ ಇದು ಯಾವುದಾಗುತ್ತದೆ ಎಂದು ಹೇಳುತ್ತಿದ್ದ. ಖಲಾಸಿಗೆ ಕೆಲವು ಹೊಕ್ಕವು, ಕೆಲವು ಹೊಗಲಿಲ್ಲ. ಅವನ ಗಲಿಬಿಲಿ ಕಡಿಮೆಯಾಗಲಿಲ್ಲ. ಮೊದಲು ಒಂದು ಮಾತಿಗೆ ಒಂದೇ ಅರ್ಥವಿತ್ತು. ಈಗ ಆ ಮಾತು ಬಂದರೆ ಯಾವ ಅರ್ಥ ಹಿಡಿಯಲಿ ಎಂಬ ಹೊಸ ಭಯ ಶುರುವಾಯಿತು.

ಊರು ಇನ್ನೇನು ಕಾಣಬೇಕು ಎನ್ನುವಾಗ ಮತ್ತೆ ಗಾಳಿ ಎದ್ದಿತು. ದೊಡ್ಡ ಹಾಯಿ ಇಳಿಸಿ ಗಿಡ್ಡ ಹಾಯಿ ಏರಿಸಲು ಸಮಯ ಸಿಗಲಿಲ್ಲ. ಹಡಗು ಮರೆಮಗ್ಗುಲಿಗೆ ವಾಲಿತು. ನೀರು ಅಂಚು ದಾಟಿ ಒಳಗೆ ಬಂದು, ಮಲಗಿದ್ದವನ ಕಟ್ಟಿದ ಕಾಲನ್ನು ಮುಟ್ಟಿತು. ಅವನಿಗೆ ಏಳಲಾಗುತ್ತಿರಲಿಲ್ಲ.

ತಂಡೇಲ ಬಿಡು ಎಂದು ಕೂಗಿದ.

ಖಲಾಸಿಯ ಕೈ ಹಳೆಯ ರೂಢಿಯಂತೆ ತೆರೆಯಲು ಹೋಯಿತು. ತೆರೆಯಲಿಲ್ಲ. ಯಾವ ಬಿಡು ಎಂದು ತಿಳಿಯಲು ಅವನು ತಂಡೇಲನ ಬಾಯಿ ನೋಡಿದ. ಅಲ್ಲಿ ಇನ್ನೇನೂ ಬರಲಿಲ್ಲ. ಆಗ ಅವನು ತಲೆಯೆತ್ತಿ ಹಾಯಿಯನ್ನು ನೋಡಿದ. ಹಾಯಿ ಗಾಳಿ ನುಂಗಿ ಬಿರಿಯುವಂತಿತ್ತು. ಹಾಯಿಯ ಅಡಿಯಿಂದ, ಚುಕ್ಕಾಣಿಯ ಬಳಿ ನಿಂತವರಿಗೆ ಕಾಣದ ಕಡೆಯಲ್ಲಿ, ಬಂಡೆಗಳು ಕಂಡವು. ಹಿಡಿದೇ ಇದ್ದರೆ ಹಡಗು ಮಗುಚುತ್ತದೆ. ಪೂರ್ತಿ ಬಿಟ್ಟರೆ ಹಾಯಿ ಸತ್ತು, ಹಡಗು ಬಲವಿಲ್ಲದೆ ಬಂಡೆಗಳ ಕಡೆ ತೇಲುತ್ತದೆ.

ಅವನು ಹಗ್ಗವನ್ನು ಗೂಟದ ಮೇಲಿಂದ ಸ್ವಲ್ಪ ಸ್ವಲ್ಪವಾಗಿ ಸರಿಯಗೊಟ್ಟ. ಅಂಗೈ ಸುಲಿಯಿತು. ಹಾಯಿ ಬೇಕಾದಷ್ಟು ಗಾಳಿ ಇಟ್ಟುಕೊಂಡು ಉಳಿದದ್ದನ್ನು ಚೆಲ್ಲಿತು. ಹಡಗು ನಿಧಾನವಾಗಿ ಎದ್ದಿತು, ಎದ್ದು ಬಂಡೆಗಳನ್ನು ಬಳಸಿಕೊಂಡು ಹೋಯಿತು. ಒಳಗೆ ಬಂದಿದ್ದ ನೀರು ಮಲಗಿದ್ದವನ ಎದೆಯ ತನಕ ಏರಿ ಇಳಿಯಿತು.

ಗಾಳಿ ತಗ್ಗಿದ ಮೇಲೆ ತಂಡೇಲ ಅವನ ಬಳಿ ಬಂದ. ಸುಲಿದ ಅಂಗೈ ನೋಡಿದ. ನಾನು ಬಿಡು ಎಂದಾಗ ನೀನು ಬಿಡಲಿಲ್ಲ, ಹಿಡಿದುಕೊಳ್ಳಲೂ ಇಲ್ಲ, ಮಾಡಿದ್ದೇನು ಎಂದು ಕೇಳಿದ. ಖಲಾಸಿ ನನಗೂ ಗೊತ್ತಿಲ್ಲ, ಹಾಯಿ ನೋಡುತ್ತಿದ್ದೆ ಎಂದ. ತಂಡೇಲ ಆ ಅಂಗೈಗೆ ಬಟ್ಟೆ ಸುತ್ತಿದ. ಆಮೇಲೆ ತಾನು ಯಾವುದನ್ನು ಬಿಡು ಎಂದು ಕೂಗಿದೆನೋ ತನಗೇ ನೆನಪಿಲ್ಲ ಎಂದು ಒಪ್ಪಿಕೊಂಡ. ಹೆದರಿಕೆಯಲ್ಲಿ ಬಾಯಿಗೆ ಬಂದ ಮಾತು ಅದಾಗಿತ್ತು.

ಜೊತೆಗಾರ ಮತ್ತೆ ಕಂಬ ಹತ್ತಲಿಲ್ಲ. ಕೋಲೂರಿ ನಡೆಯುವಷ್ಟಾದ. ಮಳೆಗಾಲ ಕಳೆದ ಮೇಲೆ ತಂಡೇಲ ಅವನನ್ನು ಚುಕ್ಕಾಣಿಯ ಮುಂದೆ ಕೂರಿಸಿದ. ಖಲಾಸಿ ಸೆರಗುಹಗ್ಗದ ಬಳಿಯೇ ಉಳಿದ. ಅವನು ಮೊದಲಿನಷ್ಟು ಚುರುಕಾಗಿಲ್ಲ ಎಂದು ಕೆಲವರು ಆಡಿಕೊಂಡರು. ಅದು ನಿಜವೂ ಆಗಿತ್ತು. ಮಾತು ಕಿವಿಗೆ ಬಿದ್ದ ಮೇಲೆ ಒಮ್ಮೆ ತಲೆಯೆತ್ತುವಷ್ಟು ಹೊತ್ತು ಅವನು ತಡಮಾಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಸಾತಯ್ಯನಿಗೆ ಸಮಾಧಾನವಾಗಲಿಲ್ಲ. ಖಲಾಸಿ ಮೊದಲು ಮಾಡಿದ್ದು ತಪ್ಪೇ ಎಂದು ಕೇಳಿದ. ಗುರುಗಳು ತಪ್ಪೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಹಾಗಾದರೆ ಗುರುವಿನ ಮಾತನ್ನು ಕೇಳಲೇಬಾರದೇ ಎಂದ. ಖಲಾಸಿ ಹಡಗು ಬಿಟ್ಟು ಹೋಗಲಿಲ್ಲವಲ್ಲ ಎಂದಷ್ಟೇ ಗುರುಗಳು ಹೇಳಿದರು. ಸಾತಯ್ಯ ತಲೆ ತಗ್ಗಿಸಿ ಕೂತ. ಬಿಟ್ಟದ್ದೆಲ್ಲ ಒಂದೊಂದಾಗಿ ಅವನ ಕಣ್ಣಮುಂದೆ ಬಂತು. ಸಿಟ್ಟು ಬಿಟ್ಟದ್ದು ಸರಿಯಿರಬಹುದು. ಅಕ್ಕನ ಅಂಗಳ ಬಿಟ್ಟದ್ದು? ಅವಳು ಹಬ್ಬಹಬ್ಬಕ್ಕೂ ಹೇಳಿಕಳಿಸಿದಾಗ ಹೋಗದೆ ಉಳಿದದ್ದು? ಒಂದು ಮಾತಿನ ಮೇಲೆ ತಾನು ಇಷ್ಟೆಲ್ಲ ಕಟ್ಟಿದ್ದೇನೆ, ಆ ಮಾತು ಯಾವುದರ ಬಗ್ಗೆ ಎಂದು ಒಂದು ದಿನವೂ ಕೇಳಿರಲಿಲ್ಲ. ತಂಡೇಲನಿಗೇ ತನ್ನ ಮಾತು ನೆನಪಿರಲಿಲ್ಲವೆಂದರೆ ಇನ್ನು ಇವರಿಗೆ ಇದ್ದೀತೇ ಎಂದು ಅವನ ಎದೆ ಅಳುಕಿತು.

“ನಾನು ಬಂದ ದಿನ ನೀವು ಬಿಡು ಎಂದದ್ದು ಯಾವುದನ್ನು? ನಿಮಗೆ ನೆನಪಿದೆಯೇ ಗುರುಗಳೇ?”

ನೆನಪಿದೆ ಎಂದು ಗುರುಗಳು ತಲೆಯಾಡಿಸಿದರು.

“ಅಳುತ್ತ ನೀನು ಬಿಗಿಯಾಗಿ ಹಿಡಿದುಕೊಂಡಿದ್ದ ನನ್ನ ಕಾಲನ್ನು, ಸಾತಯ್ಯ.”